ಕೋಹಾದೊಳಗೆ ಕೋಲನ್: ಹಳೆಯ ವರ್ಗೀಕರಣ ಪದ್ಧತಿಯೊಂದನ್ನು ಹೊಸ ತಂತ್ರಾಂಶಕ್ಕೆ ಸೇರಿಸಿದ ಅನುಭವ

ಧಾರವಾಡದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಎರಡು ವರ್ಗೀಕರಣ ಪದ್ಧತಿಗಳು ಒಂದೇ ಸೂರಿನಡಿ ಇವೆ. ಕೆಳಗಿನ ಹಾಲ್‌ನಲ್ಲಿರುವ ಪಠ್ಯಪುಸ್ತಕಗಳೂ ಈಚಿನ ದಶಕಗಳಲ್ಲಿ ಕೊಂಡ ಪುಸ್ತಕಗಳೂ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿವೆ. ಮೇಲಿನ ಅಂತಸ್ತಿನ ಹಳೆಯ ಸಂಗ್ರಹ, ಅಂದರೆ ಕನ್ನಡ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಹಾಗೂ ಗ್ರಂಥಾಲಯ ವಿಜ್ಞಾನದ ಪುಸ್ತಕಗಳು, ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣದ ಆರನೆಯ ಆವೃತ್ತಿಗೆ ಅನುಸಾರವಾಗಿ ಜೋಡಣೆಗೊಂಡಿವೆ. ಗ್ರಂಥಾಲಯದ ಕೆಲಸಗಳನ್ನು ನಿರ್ವಹಿಸುವ ಕೋಹಾ ತಂತ್ರಾಂಶ ಬಂದಾಗ ಮೊದಲು ಕೆಳಗಿನ ಹಾಲ್‌ನ ಪುಸ್ತಕಗಳನ್ನಷ್ಟೇ ಅದಕ್ಕೆ ಏರಿಸಿದ್ದೆವು. ಮೇಲಿನ ಸಂಗ್ರಹದ ಸರದಿ ಬಂದಾಗ ತಿಳಿದದ್ದೇನೆಂದರೆ, ಕೋಹಾದ ವರ್ಗೀಕರಣ ಪಟ್ಟಿಯಲ್ಲಿ ಡ್ಯೂಯಿ ಇದೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ ಇದೆ, ಯುಡಿಸಿ ಎಂಬ ಸಾರ್ವತ್ರಿಕ ದಶಮಾಂಶ ಪದ್ಧತಿ ಇದೆ, ಅಮೆರಿಕ ಸರ್ಕಾರದ ದಾಖಲೆಗಳಿಗಾಗಿಯೇ ಇರುವ ಸುಡಾಕ್ಸ್ ಇದೆ, ಧ್ವನಿಮುದ್ರಿಕೆಗಳಿಗೆ ಬಳಸುವ ಪದ್ಧತಿಯೂ ಇದೆ. ಕೋಲನ್ ಮಾತ್ರ ಇಲ್ಲ. 1933ರಲ್ಲಿ ಮದ್ರಾಸಿನಿಂದ ಹೊರಬಂದು, ಭಾರತದ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಪರೀಕ್ಷೆಗಾಗಿ ಉರು ಹೊಡೆಯುವ ಪದ್ಧತಿ ಅದು. ಕೋಹಾ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ 1999ರಲ್ಲಿ ಹುಟ್ಟಿದ ತಂತ್ರಾಂಶವಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ತಂತ್ರಾಂಶ ಅದು. ಇಲ್ಲದ್ದನ್ನು ನಾವೇ ಸೇರಿಸಿಕೊಳ್ಳಬಹುದು.

ಗ್ರಂಥಾಲಯ ಸಮಿತಿಯ ಸಭೆಯಲ್ಲಿ ವಿಷಯ ಬಂದಾಗ ಹಿರಿಯ ಪ್ರಾಧ್ಯಾಪಕರೊಬ್ಬರು, "ಯಾಕ್ರಿ ಇಷ್ಟೆಲ್ಲಾ ತ್ರಾಸು? ಎಲ್ಲಾನೂ ಡ್ಯೂಯಿಗೆ ತಂದುಬಿಡ್ರಿ" ಎಂದರು. ಆ ಸಲಹೆಯನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಒಂದೇ ಪದ್ಧತಿಯಿದ್ದರೆ ಸಿಬ್ಬಂದಿಗೂ ಓದುಗರಿಗೂ ಅನುಕೂಲ ಎಂಬುದು ನಿಜವೇ. ಆದರೆ ಪ್ರತಿಯೊಂದು ಪುಸ್ತಕವನ್ನೂ ಕೈಗೆತ್ತಿಕೊಂಡು ಹೊಸದಾಗಿ ವರ್ಗೀಕರಿಸಿ, ಬೆನ್ನಿನ ಚೀಟಿ ಕಿತ್ತು ಬೇರೆ ಅಂಟಿಸಿ, ಒಳಪುಟದ ಸಂಖ್ಯೆಯನ್ನು ತಿದ್ದಿ, ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪರಿಗ್ರಹಣ ವಹಿಯಲ್ಲೂ ಬದಲಾಯಿಸುವಷ್ಟು ಕೈಗಳು ನಮ್ಮಲ್ಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಸಾಹಿತ್ಯದ ಕಪಾಟುಗಳಲ್ಲೇ ಇತ್ತು, ಮತ್ತು ಸಮಿತಿ ಒಪ್ಪಿದ್ದೂ ಅದನ್ನು ಕೇಳಿದ ಮೇಲೆಯೇ.

ಇಲ್ಲಿಂದ ಮುಂದೆ ಕೋಲನ್ ಸಂಖ್ಯೆಗಳಲ್ಲಿ ಬರುವ ರೋಮನ್ ಅಕ್ಷರಗಳನ್ನು ನಾವು ಬಾಯಲ್ಲಿ ಓದುವ ಹಾಗೆಯೇ ಕನ್ನಡದಲ್ಲಿ ಬರೆಯುತ್ತೇನೆ. ಕೋಲನ್ ಪದ್ಧತಿಯಲ್ಲಿ ಸಾಹಿತ್ಯಕ್ಕೆ ದೊಡ್ಡ ಓ; ಕನ್ನಡಕ್ಕೆ 33; ಅದರ ಮುಂದೆ ಪ್ರಕಾರ, ಕಾವ್ಯವಾದರೆ 1, ನಾಟಕವಾದರೆ 2, ಕಥೆ ಕಾದಂಬರಿಗಳಾದರೆ 3; ಆಮೇಲೆ ಲೇಖಕರನ್ನು ಅವರು ಹುಟ್ಟಿದ ವರ್ಷದಿಂದಲೇ ಗುರುತಿಸಲಾಗುತ್ತದೆ. 1800ರಿಂದ 1899ರವರೆಗಿನ ಶತಕಕ್ಕೆ ಎಂ, ಅದರ ಮುಂದಿನ ಶತಕಕ್ಕೆ ಎನ್. ಹೀಗಾಗಿ 1896ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿದ ಬೇಂದ್ರೆಯವರ ಕಾವ್ಯ ಓ33,1ಎಂ96 ಆಗುತ್ತದೆ. 1904ರ ಕುವೆಂಪು ಓ33,1ಎನ್04. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಓ33,1ಎನ್09, 1928ರಲ್ಲಿ ಗದಗ ಬಳಿಯ ಹೊಂಬಳದಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರು ಓ33,1ಎನ್28. ಕವಿಗಳೆಲ್ಲ ಮುಗಿದ ಮೇಲೆ ನಾಟಕಕಾರರು ಬರುತ್ತಾರೆ. 1938ರ ಗಿರೀಶ ಕಾರ್ನಾಡರು ಅಲ್ಲಿ ಓ33,2ಎನ್38. ಕಪಾಟಿನ ಎಡದಿಂದ ಬಲಕ್ಕೆ ನಡೆದರೆ ಆಧುನಿಕ ಕನ್ನಡ ಕಾವ್ಯದ ತಲೆಮಾರುಗಳು ಸಾಲಾಗಿ ಕಾಣುತ್ತವೆ. ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದರಾಚೆಗೆ ನಮ್ಮಂಥ ಗ್ರಂಥಾಲಯಗಳಲ್ಲಿ ಲೇಖಕರ ಹೆಸರಿನ ಅಕ್ಷರಗಳೇ ಸಾಲನ್ನು ನಿರ್ಧರಿಸುತ್ತವೆ. ಅಕಾರಾದಿಯಲ್ಲಿ ತಪ್ಪೇನಿಲ್ಲ, ಆದರೆ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುವವರು ಮೇಲಿನ ಅಂತಸ್ತಿನ ಸಾಲನ್ನೇ ತೋರಿಸಿ ಮಾತನಾಡುವುದನ್ನು ನೋಡಿದ ನನಗೆ, ಅದನ್ನು ಕೆಡಿಸುವ ಮನಸ್ಸಾಗಲಿಲ್ಲ.

ಕೋಹಾದಲ್ಲಿ ಪದ್ಧತಿಯೊಂದನ್ನು ಸೇರಿಸುವ ಜಾಗ ಆಡಳಿತ ವಿಭಾಗದ ವರ್ಗೀಕರಣ ಪುಟದಲ್ಲಿದೆ. ಅಲ್ಲಿ ಮೂರು ಸಂಗತಿಗಳಿವೆ: ಪದ್ಧತಿಯ ಹೆಸರು, ಆ ಪದ್ಧತಿಯ ಸಂಖ್ಯೆಗಳನ್ನು ಸಾಲಾಗಿ ಜೋಡಿಸುವ ಫೈಲಿಂಗ್ ರೂಲ್, ಮತ್ತು ಬೆನ್ನಿನ ಚೀಟಿಯಲ್ಲಿ ಸಂಖ್ಯೆಯನ್ನು ಎಲ್ಲಿ ಮುರಿಯಬೇಕೆಂದು ಹೇಳುವ ಸ್ಪ್ಲಿಟಿಂಗ್ ರೂಲ್. ಪದ್ಧತಿಯ ಹೆಸರನ್ನು ಸೇರಿಸುವಾಗ ಅದಕ್ಕೊಂದು ಫೈಲಿಂಗ್ ರೂಲ್ ಆರಿಸಲೇಬೇಕಾದ್ದರಿಂದ, ಹೊಸ ನಿಯಮ ಬೇಕಿದ್ದವರು ನಿಯಮವನ್ನು ಮೊದಲು, ಹೆಸರನ್ನು ಆಮೇಲೆ ಸೇರಿಸಬೇಕು. ಹೆಸರು ಸೇರಿಸುವುದು ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಒಂದು ಚಿಕ್ಕ ಸಂಕೇತ, ಒಂದು ವಿವರಣೆ, ‘ಬಳಕೆಯಲ್ಲಿದೆ’ ಎಂಬ ಚೌಕಕ್ಕೊಂದು ಗುರುತು. ಆ ಗುರುತಿಲ್ಲದಿದ್ದರೆ ಪುಸ್ತಕ ಏರಿಸುವವರ ಪರದೆಯಲ್ಲಿ ಪದ್ಧತಿಯ ಹೆಸರು ಕಾಣುವುದಿಲ್ಲ. ಹಲವು ಗ್ರಂಥಾಲಯಗಳು ಇಷ್ಟಕ್ಕೇ ನಿಲ್ಲಿಸಿ, ಫೈಲಿಂಗ್ ರೂಲ್ ಕೇಳಿದಲ್ಲಿ ‘ಜನರಿಕ್’ ಎಂಬುದನ್ನು ಆರಿಸಿ ಮುಂದೆ ಹೋಗುತ್ತವೆ. ತಮ್ಮದೇ ಸರಳ ಸಂಖ್ಯೆಗಳನ್ನು ಬಳಸುವ ಗ್ರಂಥಾಲಯಕ್ಕೆ ಅದು ಸಾಕು. ಕೋಲನ್‌ಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದಕ್ಕೆ ಕಾರಣ ಕೋಹಾ ಸಾಲು ಕಟ್ಟುವ ರೀತಿಯಲ್ಲಿದೆ.

ಪುಸ್ತಕದ ಪ್ರತಿಯೊಂದು ಪ್ರತಿಯ ವಿವರವನ್ನೂ ಕೋಹಾ ಮಾರ್ಕ್ ದಾಖಲೆಯ, ಅಂದರೆ ಗ್ರಂಥಾಲಯಗಳು ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ಇಡಲು ಬಳಸುವ ದಾಖಲೆಯ, 952ನೆಯ ಟ್ಯಾಗ್‌ನಲ್ಲಿ ಇಡುತ್ತದೆ. ಅದರ ‘ಓ’ ಉಪಕ್ಷೇತ್ರದಲ್ಲಿ ಕಾಲ್ ನಂಬರ್, ಅಂದರೆ ಪುಸ್ತಕದ ಬೆನ್ನಿನ ಚೀಟಿಯಲ್ಲಿ ನಾವು ಕಾಣುವ ಸಂಖ್ಯೆ, ‘2’ ಉಪಕ್ಷೇತ್ರದಲ್ಲಿ ಪದ್ಧತಿಯ ಸಂಕೇತ ಇರುತ್ತವೆ. ಇವೆರಡನ್ನೂ ಫೈಲಿಂಗ್ ರೂಲ್‌ಗೆ ಉಣಿಸಿ, ಬಂದ ಫಲವನ್ನು ‘6’ ಉಪಕ್ಷೇತ್ರದಲ್ಲಿ ಬಚ್ಚಿಡುತ್ತದೆ. ಇದೇ ವಿಂಗಡಣೆಯ ಕೀಲಿ. ಕಾಲ್ ನಂಬರ್ ಪ್ರಕಾರ ಪಟ್ಟಿ ಮಾಡು ಎಂದಾಗಲೂ, ಓದುಗರಿಗೆ ಅಕ್ಕಪಕ್ಕದ ಪುಸ್ತಕಗಳನ್ನು ತೋರಿಸುವ ಕಪಾಟು ವೀಕ್ಷಣೆಯಲ್ಲೂ, ವರ್ಷಾಂತ್ಯದ ಸ್ಟಾಕ್ ಪರಿಶೀಲನೆಯಲ್ಲೂ ತಂತ್ರಾಂಶ ನೋಡುವುದು ಈ ಕೀಲಿಯನ್ನೇ ಹೊರತು ನಮ್ಮ ಕಣ್ಣಿಗೆ ಕಾಣುವ ಸಂಖ್ಯೆಯನ್ನಲ್ಲ. ಡ್ಯೂಯಿಯ ನಿಯಮ ದಶಾಂಶದ ನಂತರದ ಅಂಕಿಗಳಿಗೆ ಬಲಗಡೆ ಸೊನ್ನೆ ತುಂಬಿ ಕೀಲಿ ಮಾಡುತ್ತದೆ. ಜನರಿಕ್ ನಿಯಮ ಅಕ್ಷರಗಳನ್ನೆಲ್ಲ ದೊಡ್ಡದಾಗಿಸಿ, ಖಾಲಿ ಜಾಗಕ್ಕೆ ಅಡಿಗೆರೆ ಹಾಕಿ, ಅಕ್ಷರವೂ ಅಂಕಿಯೂ ಅಲ್ಲದ್ದನ್ನೆಲ್ಲ ಅಳಿಸಿಬಿಡುತ್ತದೆ.

ಅಳಿಸಿದರೆ ಏನಾಗುತ್ತದೆ ಎಂದು ನೋಡಲು ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಹಾಕಿ, ಪ್ರಯೋಗಕ್ಕೆಂದೇ ಬೇರೆ ಕೋಹಾ ಸ್ಥಾಪಿಸಿ, ಗ್ರಂಥಾಲಯ ವಿಜ್ಞಾನದ ಸಾಲನ್ನು ಏರಿಸಿದೆವು. ಈ ವಿಷಯಕ್ಕೆ ಕೋಲನ್‌ನಲ್ಲಿ 2 ಎಂಬ ಅಂಕಿ. ಭಾರತದ ಗ್ರಂಥಾಲಯಗಳು 2.44, ವರ್ಗೀಕರಣ 2:51, ಕ್ಯಾಟಲಾಗ್ ರಚನೆ 2:55, ವಿಶ್ವವಿದ್ಯಾಲಯ ಗ್ರಂಥಾಲಯಗಳು 234, ಅವುಗಳಲ್ಲಿ ವರ್ಗೀಕರಣ 234:51. ಕಪಾಟಿನಲ್ಲಿ ಇರಬೇಕಾದ ಸಾಲೂ ಇದೇ: ವಿಷಯದ ಸಾಮಾನ್ಯ ಚರ್ಚೆ ಮೊದಲು, ವಿಶೇಷ ಬಗೆಯ ಗ್ರಂಥಾಲಯಗಳು ಆಮೇಲೆ. ಜನರಿಕ್ ನಿಯಮದ ಕೈಯಲ್ಲಿ 2.44 ಎಂಬುದು 244 ಆಯಿತು, 2:51 ಎಂಬುದು 251, 234:51 ಎಂಬುದು 23451. ಪಟ್ಟಿ ಬಂದಾಗ ವಿಶ್ವವಿದ್ಯಾಲಯ ಗ್ರಂಥಾಲಯಗಳು ಮುಂದೆ ನಿಂತಿದ್ದವು, ವರ್ಗೀಕರಣ ಹಿಂದೆ ಬಿದ್ದಿತ್ತು. ನನ್ನ ಜೊತೆ ಕುಳಿತಿದ್ದ ಕಂಪ್ಯೂಟರ್ ವಿಭಾಗದ ಯುವ ಉಪನ್ಯಾಸಕಿ ಪರದೆಯನ್ನು ನೋಡಿ, "ಮೇಡಂ, ಚುಕ್ಕಿ, ಕೋಲನ್ ಎಲ್ಲಾ ಹಾರಿ ಹೋಗ್ಯಾವಲ್ರಿ! ಇವು ಬರೇ ಅಲಂಕಾರ ಅಂತ ತಿಳಕೊಂಡೈತಿ ಇದು" ಎಂದರು.

ಕೋಲನ್‌ನಲ್ಲಿ ವಿರಾಮ ಚಿಹ್ನೆಗಳು ಅಲಂಕಾರವಲ್ಲ. ಅವೇ ಪದ್ಧತಿಯ ಕೀಲುಗಳು. ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳಾಗಿ ಬಿಡಿಸುವುದು ರಂಗನಾಥನ್ ಅವರ ಕ್ರಮ. ವ್ಯಕ್ತಿತ್ವಕ್ಕೆ ಅಲ್ಪವಿರಾಮ, ದ್ರವ್ಯಕ್ಕೆ ಅರ್ಧವಿರಾಮ, ಶಕ್ತಿಗೆ ಕೋಲನ್, ದೇಶಕ್ಕೆ ಚುಕ್ಕೆ, ಕಾಲಕ್ಕೆ ಅಪಾಸ್ಟ್ರಫಿ. ಸಂಖ್ಯೆ ಬರೆಯುವಾಗ ಇದೇ ಕ್ರಮ. ಪುಸ್ತಕಗಳನ್ನು ಜೋಡಿಸುವಾಗ ಇದು ತಿರುಗುಮುರುಗಾಗುತ್ತದೆ. ಕಾಲದ ಚಿಹ್ನೆ ಇರುವುದು ಎಲ್ಲಕ್ಕಿಂತ ಮೊದಲು, ಆಮೇಲೆ ದೇಶ, ಶಕ್ತಿ, ದ್ರವ್ಯ, ಕೊನೆಗೆ ವ್ಯಕ್ತಿತ್ವ. ಕಂಪ್ಯೂಟರ್ ತಾನಾಗಿ ಬಳಸುವ, ಆಸ್ಕಿ ಎಂಬ ಅಕ್ಷರಸಂಕೇತಗಳ ಅನುಕ್ರಮದಲ್ಲಾದರೋ ಅಪಾಸ್ಟ್ರಫಿ, ಅಲ್ಪವಿರಾಮ, ಚುಕ್ಕೆ ಈ ಮೂರೂ ಅಂಕಿಗಳಿಗಿಂತ ಮುಂಚೆ ಬರುತ್ತವೆ. ಕೋಲನ್ ಮತ್ತು ಅರ್ಧವಿರಾಮ ಅಂಕಿಗಳ ನಂತರ. ಆದ್ದರಿಂದ ಚಿಹ್ನೆಗಳನ್ನು ಅಳಿಸದೆ ಹಾಗೆಯೇ ಬಿಟ್ಟರೂ ಸಾಲು ಸರಿಯಾಗುತ್ತಿರಲಿಲ್ಲ. 2:51 ಹೋಗಿ 234ರ ಹಿಂದೆಯೇ ನಿಲ್ಲುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದ ಒಂದು ತೊಡಕು ಸಣ್ಣ ಅಕ್ಷರಗಳದು. ವಿಷಯದ ಗ್ರಂಥಸೂಚಿಗೆ ಸಣ್ಣ ಎ, ವಿಶ್ವಕೋಶಕ್ಕೆ ಸಣ್ಣ ಕೆ, ನಿಯತಕಾಲಿಕಕ್ಕೆ ಸಣ್ಣ ಎಂ ಸೇರಿಸುವುದು ರೂಢಿ. ಇವು ಸೇರಿದ ಸಂಖ್ಯೆ, ಏನೂ ಸೇರದ ಬರಿಯ ವಿಷಯಸಂಖ್ಯೆಗಿಂತಲೂ ಮುಂಚೆ ಬರಬೇಕು. ಅಂದರೆ ಗ್ರಂಥಾಲಯ ವಿಜ್ಞಾನದ ವಿಶ್ವಕೋಶವಾದ ‘2ಕೆ’, ಬರಿಯ 2ಕ್ಕಿಂತ ಮೊದಲು ನಿಲ್ಲಬೇಕು. ಕಂಪ್ಯೂಟರಿಗೆ ಇದು ಒಗ್ಗದ ಮಾತು, ಏಕೆಂದರೆ ಚಿಕ್ಕ ಸಾಲು ಮೊದಲು, ಅದಕ್ಕೇ ಏನಾದರೂ ಸೇರಿ ಉದ್ದವಾದದ್ದು ಆಮೇಲೆ ಎಂಬುದು ಅದರ ಸಹಜ ನಡೆ. ಸಾಲದ್ದಕ್ಕೆ ಕೋಹಾದ ದತ್ತಾಂಶ ಕೋಷ್ಟಕಗಳು ದೊಡ್ಡಕ್ಷರ ಸಣ್ಣಕ್ಷರಗಳ ಭೇದವೆಣಿಸದೆ ವಿಂಗಡಿಸುತ್ತವೆ. ನಿಯಮದಲ್ಲಿ ಅವೆರಡನ್ನೂ ಬೇರೆಬೇರೆಯಾಗಿ ಉಳಿಸಿಕೊಂಡರೂ ಪಟ್ಟಿ ತಯಾರಾಗುವ ಹೊತ್ತಿಗೆ ಭೇದ ಕರಗಿಹೋಗುತ್ತದೆ. ಹಾಗಾಗಿ ಕೀಲಿಯಲ್ಲಿ ಮೂಲದ ಅಕ್ಷರಗಳನ್ನೇ ಇಡುವ ಯೋಚನೆಯನ್ನು ಬಿಟ್ಟೆವು.

ಪರೀಕ್ಷೆಗೆ ಬೇಕಾದ ಮಾದರಿ ನಮ್ಮ ಕೈಯಳತೆಯಲ್ಲೇ ಇತ್ತು ಎಂಬುದು ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ಹಳೆಯ ಗ್ರಂಥಪಾಲಕರ ಕಾಲದ ಶೆಲ್ಫ್ ಲಿಸ್ಟ್ ಕಾರ್ಡುಗಳ ಮರದ ಡ್ರಾಯರುಗಳು ಸಂಸ್ಕರಣಾ ಕೊಠಡಿಯ ಮೂಲೆಯಲ್ಲಿ ಉಳಿದುಕೊಂಡಿದ್ದವು. ಪ್ರತಿ ಪುಸ್ತಕಕ್ಕೊಂದು ಕಾರ್ಡು, ಕಾರ್ಡುಗಳು ಕಪಾಟಿನ ಸಾಲಿನಲ್ಲೇ, ಎಲ್ಲಕ್ಕೂ ಕೆಳಗಿನ ತೂತಿನ ಮೂಲಕ ಹಾದುಹೋಗುವ ಹಿತ್ತಾಳೆಯ ಸರಳು. ಆ ಸರಳಿನ ದೆಸೆಯಿಂದ ಇಷ್ಟು ವರ್ಷ ಯಾರೂ ಕಾರ್ಡುಗಳನ್ನು ಹಿಂದೆಮುಂದೆ ಮಾಡಲು ಆಗಿರಲಿಲ್ಲ. ಕೋಲನ್ ನಿಯಮವನ್ನು ಪುಸ್ತಕ ನೋಡಿ ಅರ್ಥ ಮಾಡಿಕೊಂಡು, ಅದು ಸರಿಯೋ ತಪ್ಪೋ ಎಂದು ವಾದಿಸುವುದಕ್ಕಿಂತ, ನಿಯಮ ಬಲ್ಲವರು ಜೋಡಿಸಿಟ್ಟ ಸಾಲನ್ನೇ ಉತ್ತರಪತ್ರಿಕೆಯಾಗಿ ಇಟ್ಟುಕೊಳ್ಳುವುದು ಉತ್ತಮ. ಸಾಹಿತ್ಯ ಮತ್ತು ಗ್ರಂಥಾಲಯ ವಿಜ್ಞಾನದ ಡ್ರಾಯರುಗಳ ಕಾರ್ಡುಗಳನ್ನು ಇದ್ದ ಸಾಲಿನಲ್ಲೇ ಎಕ್ಸೆಲ್‌ಗೆ ಇಳಿಸಿ, ಪಕ್ಕದಲ್ಲಿ ಕ್ರಮಾಂಕ ಹಾಕಿದೆವು. ನಾವು ಬರೆಯುವ ನಿಯಮದ ಕೀಲಿಯಿಂದ ವಿಂಗಡಿಸಿದಾಗ ಆ ಕ್ರಮಾಂಕಗಳು ಏರುಕ್ರಮದಲ್ಲೇ ಬರಬೇಕು. ಎಲ್ಲಿ ಮುರಿಯುತ್ತದೋ ಅಲ್ಲಿ ನೋಡಬೇಕು.

ಕೀಲಿಯ ರಚನೆ ಹೀಗಿದೆ. ಕಾಲ್ ನಂಬರಿನ ಪ್ರತಿಯೊಂದು ಚಿಹ್ನೆಗೂ ಎರಡು ಸ್ಥಾನಗಳು; ಮೊದಲ ಸ್ಥಾನ ಚಿಹ್ನೆಯ ಜಾತಿ, ಎರಡನೆಯದು ಆ ಜಾತಿಯೊಳಗಿನ ಸರದಿ. ಸಣ್ಣ ಅಕ್ಷರದ ಜಾತಿಗೆ 1, ಸಂಖ್ಯೆ ಮುಗಿಯುವುದಕ್ಕೆ, ಅಂದರೆ ಖಾಲಿ ಜಾಗಕ್ಕೂ ಕೊನೆಗೂ, 2, ವಿರಾಮ ಚಿಹ್ನೆಗಳಿಗೆ 3, ಅಂಕಿಗಳಿಗೆ 4, ದೊಡ್ಡ ಅಕ್ಷರಗಳಿಗೆ 5. ವಿರಾಮ ಚಿಹ್ನೆಗಳಲ್ಲಿ ಅಪಾಸ್ಟ್ರಫಿ 31, ಚುಕ್ಕೆ 32, ಕೋಲನ್ 33, ಅರ್ಧವಿರಾಮ 34, ಅಲ್ಪವಿರಾಮ 35. ಇದರ ಪ್ರಕಾರ ಬರಿಯ 2 ಎಂಬುದರ ಕೀಲಿ 4220. ಮೊದಲ ಜೋಡಿ ಅಂಕಿಯದು, ಎರಡನೆಯ ಜೋಡಿ ‘ಮುಗಿಯಿತು’ ಎಂಬುದರದು. 2ಕೆ ಎಂಬುದು 421ಕೆ20 ಆಗಿ ಅದಕ್ಕಿಂತ ಮುಂದೆ ಬರುತ್ತದೆ, 2.44 ಎಂಬುದು 4232444420, 2:51 ಎಂಬುದು 4233454120, 234 ಎಂಬುದು 42434420. ಕೊನೆಗೂ ಒಂದು ಸಂಕೇತ ಕೊಟ್ಟದ್ದರಿಂದಲೇ ವಿಶ್ವಕೋಶ ತನ್ನ ವಿಷಯಕ್ಕಿಂತ ಮುಂದೆ ನಿಲ್ಲಲು ಸಾಧ್ಯವಾಯಿತು. ಕೋಲನ್‌ನ ಅಂಕಿಗಳು ದಶಮಾಂಶ ಭಿನ್ನರಾಶಿಗಳಂತೆ ಒಂದೊಂದಾಗಿ ಓದಿಸಿಕೊಳ್ಳುವುದರಿಂದ ಸೊನ್ನೆ ತುಂಬುವ ಗೊಡವೆ ಇಲ್ಲ. ಕೀಲಿಗೆ ಕೋಹಾ 255 ಅಕ್ಷರಗಳ ಜಾಗ ಕೊಟ್ಟಿದೆ. ಎರಡರಂತೆ ಲೆಕ್ಕ ಹಾಕಿದರೂ ನಮ್ಮ ಅತಿ ಉದ್ದದ ಕಾಲ್ ನಂಬರು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಪ್ರೋಗ್ರಾಂ ಬರೆಯುವ ಭಾಗ ನಾನು ಅಂಜಿದಷ್ಟು ದೊಡ್ಡದಾಗಿರಲಿಲ್ಲ. ಕೋಹಾ ಪರ್ಲ್ ಭಾಷೆಯಲ್ಲಿದೆ. ಫೈಲಿಂಗ್ ನಿಯಮಗಳು ಒಂದು ಫೋಲ್ಡರಿನಲ್ಲಿ ಬೇರೆಬೇರೆ ಕಡತಗಳಾಗಿವೆ. ಆ ಫೋಲ್ಡರಿನಲ್ಲಿ ಯಾವ ಕಡತಗಳಿವೆಯೋ ಅವನ್ನೇ ಓದಿಕೊಂಡು ಆಯ್ಕೆಯ ಪಟ್ಟಿ ತಯಾರಾಗುತ್ತದೆ. ಉಪನ್ಯಾಸಕಿ ಜನರಿಕ್ ಕಡತವನ್ನು ನಕಲು ಮಾಡಿ, ಕೋಲನ್ ಎಂದು ಹೆಸರಿಟ್ಟು, ಒಳಗಿನ ಫಂಕ್ಷನ್‌ನ ಹೆಸರನ್ನು ಮಾತ್ರ ಮುಟ್ಟದೆ ಉಳಿಸಿದರು, ಏಕೆಂದರೆ ಕೋಹಾ ಕರೆಯುವುದು ಅದೇ ಹೆಸರಿನಿಂದ. ಎಲ್ಲವನ್ನೂ ದೊಡ್ಡಕ್ಷರ ಮಾಡುವ ಸಾಲು, ಚಿಹ್ನೆಗಳನ್ನು ಅಳಿಸುವ ಸಾಲು ಎರಡೂ ಹೋದವು. ಅವುಗಳ ಜಾಗದಲ್ಲಿ ಮೇಲಿನ ಕೋಷ್ಟಕ ಬಂತು. ಪ್ಲ್ಯಾಕ್ ಮತ್ತು ಮೆಮ್‌ಕ್ಯಾಶ್ ಎಂಬ ಹಿನ್ನೆಲೆ ಸೇವೆಗಳನ್ನು ಮರುಚಾಲನೆ ಮಾಡಿದ ಮೇಲೆ ಆಡಳಿತ ಪುಟದಲ್ಲಿ ಹೊಸ ನಿಯಮ ಕಾಣಿಸಿಕೊಂಡಿತು. ಇದು ಕೋಹಾದ ಅಧಿಕೃತ ಭಾಗವಲ್ಲದ್ದರಿಂದ, ಪ್ರತಿ ನವೀಕರಣದ ನಂತರ ಕಡತ ಸ್ವಸ್ಥಾನದಲ್ಲಿದೆಯೇ ಎಂದು ನೋಡುವುದನ್ನು ನಮ್ಮ ನಿರ್ವಹಣಾ ವಹಿಯಲ್ಲಿ ಬರೆದಿಟ್ಟಿದ್ದೇವೆ.

ಹೆಚ್ಚು ಹೊತ್ತು ಹಿಡಿದದ್ದು ದತ್ತಾಂಶ. ಹಳೆಯ ಕಾರ್ಡುಗಳನ್ನು ಟೈಪು ಮಾಡುವ ಕೆಲಸವನ್ನು ಹೊರಗಿನವರಿಗೆ ಕೊಡಲಾಗಿತ್ತು. ಅವರು ಎಕ್ಸೆಲ್ ಮತ್ತು ವರ್ಡ್ ಎರಡನ್ನೂ ಬಳಸಿದ್ದರು. ವರ್ಡ್‌ನಲ್ಲಿ ಹೊಡೆದ ಅಪಾಸ್ಟ್ರಫಿಗಳೆಲ್ಲ ತಾವಾಗಿಯೇ ಬಾಗಿದ ಉದ್ಧರಣ ಚಿಹ್ನೆಗಳಾಗಿ ಬದಲಾಗಿದ್ದವು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ನಿಯಮದಲ್ಲೇ ಎರಡನ್ನೂ ಒಂದೆಂದು ತಿಳಿಯುವಂತೆ ಬರೆದುಕೊಂಡೆವು. ಇನ್ನೊಂದು, ಸಾಹಿತ್ಯದ ದೊಡ್ಡ ಓ. ಟೈಪು ಮಾಡಿದವರಿಗೆ ಅದು ಸೊನ್ನೆಯಾಗಿ ಕಂಡಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ‘033,1’ ಎಂದೇ ಇಡೀ ಡ್ರಾಯರು ತುಂಬಿತ್ತು. 1 ಮತ್ತು 0 ಅಂಕಿಗಳೊಂದಿಗೆ ಗೊಂದಲವಾಗಬಾರದೆಂದು ರಂಗನಾಥನ್ ಸಣ್ಣ ಅಕ್ಷರಗಳಲ್ಲಿ ಐ, ಎಲ್, ಓ ಈ ಮೂರನ್ನೂ ಕೈಬಿಟ್ಟು ಇಪ್ಪತ್ಮೂರನ್ನೇ ಬಳಸಿದರು. ಅಷ್ಟು ಮುಂದಾಲೋಚನೆಯಿದ್ದವರು ದೊಡ್ಡ ಅಕ್ಷರಗಳಲ್ಲಿ ಸಸ್ಯಶಾಸ್ತ್ರಕ್ಕೆ ಐ, ಸಾಹಿತ್ಯಕ್ಕೆ ಓ ಇಟ್ಟದ್ದು ಟೈಪಿಸ್ಟರ ಪಾಲಿಗೆ ಒಳ್ಳೆಯದಾಗಲಿಲ್ಲ. ಸೊನ್ನೆಯಿಂದ ಆರಂಭವಾಗುವ ವಿಷಯಸಂಖ್ಯೆ ನಮ್ಮ ಸಂಗ್ರಹದಲ್ಲಿ ಇರುವುದು ಸಾಧ್ಯವಿಲ್ಲವಾದ್ದರಿಂದ ಅಂಥವನ್ನೆಲ್ಲ ಒಟ್ಟಿಗೆ ಹುಡುಕಿ ತಿದ್ದಬಹುದಾಗಿತ್ತು. ಸಸ್ಯಶಾಸ್ತ್ರದ ಪುಸ್ತಕಗಳು ಮೇಲಿನ ಅಂತಸ್ತಿನಲ್ಲಿ ಇಲ್ಲದ್ದು ಅದೃಷ್ಟ.

ತಿದ್ದಿದ ದತ್ತಾಂಶವನ್ನು ಮುಖ್ಯ ಕೋಹಾಕ್ಕೆ ಏರಿಸುವಾಗ ವರ್ಗಸಂಖ್ಯೆಯನ್ನು ಮಾರ್ಕ್‌ನ 084ನೆಯ ಟ್ಯಾಗ್‌ನಲ್ಲಿ ಇಟ್ಟೆವು. 082 ಡ್ಯೂಯಿಗೆ ಮೀಸಲು. ಬೇರೆ ಪದ್ಧತಿಗಳಿಗೆ 084, ಜೊತೆಗೆ ಪದ್ಧತಿ ಯಾವುದೆಂದು ಹೇಳುವ ಉಪಕ್ಷೇತ್ರ. ಕೆಲವರು ಕೋಲನ್ ಸಂಖ್ಯೆಯನ್ನೂ 082ಕ್ಕೆ ತುರುಕುವುದನ್ನು ಕಂಡಿದ್ದೇನೆ. ಮುಂದೆ ಬೇರೆ ಗ್ರಂಥಾಲಯದವರು ಆ ದಾಖಲೆಯನ್ನು ಎಳೆದುಕೊಂಡಾಗ 2:51 ಎಂಬ ‘ಡ್ಯೂಯಿ ಸಂಖ್ಯೆ’ ನೋಡಿ ಏನು ಮಾಡಬೇಕು? ಪೂರ್ವನಿಯೋಜಿತ ಪದ್ಧತಿಯಾಗಿ ಡ್ಯೂಯಿಯನ್ನೇ ಉಳಿಸಿಕೊಂಡು, ಮೇಲಿನ ಅಂತಸ್ತಿನ ಪ್ರತಿಗಳಿಗೆ ಮಾತ್ರ ಗುಂಪು ತಿದ್ದುಪಡಿಯ ಸೌಲಭ್ಯದಿಂದ ಕೋಲನ್ ಎಂದು ಗುರುತು ಹಾಕಿದೆವು. ಬಾರ್‌ಕೋಡ್‌ಗಳ ಪಟ್ಟಿ ಕೊಟ್ಟರೆ ಅದು ಒಟ್ಟಿಗೆ ಬದಲಾಯಿಸುತ್ತದೆ. ಇಲ್ಲಿ ತಿಳಿದಿರಬೇಕಾದ ಮಾತೊಂದಿದೆ. ಪ್ರತಿಯ ಕಾಲ್ ನಂಬರ್ ಅಥವಾ ಪದ್ಧತಿ ಬದಲಾದಾಗ ಮಾತ್ರ ಕೋಹಾ ಕೀಲಿಯನ್ನು ಹೊಸದಾಗಿ ಕಟ್ಟುತ್ತದೆ. ನಿಯಮದ ಕಡತವನ್ನು ತಿದ್ದಿದರೆ ಹಳೆಯ ಕೀಲಿಗಳು ಹಾಗೆಯೇ ಉಳಿಯುತ್ತವೆ. ಆದ್ದರಿಂದ ನಿಯಮ ಬದಲಾದಾಗ ಆ ಪ್ರತಿಗಳನ್ನು ಬೇರೊಂದು ಪದ್ಧತಿಗೆ ಸರಿಸಿ, ಮತ್ತೆ ಕೋಲನ್‌ಗೆ ತಂದು, ಹುಡುಕಾಟದ ಸೂಚಿಯನ್ನು ಪುನಃ ಕಟ್ಟಿಸಬೇಕು. ಸ್ವಲ್ಪ ವಕ್ರವಾದ ದಾರಿ, ಆದರೆ ನಮ್ಮಂಥವರು ದತ್ತಾಂಶ ಕೋಷ್ಟಕಕ್ಕೆ ಕೈ ಹಾಕುವುದಕ್ಕಿಂತ ಕ್ಷೇಮ.

ಬೆನ್ನಿನ ಚೀಟಿಯ ವಿಷಯ ಬೇಗ ಬಗೆಹರಿಯಿತು. ಸ್ಪ್ಲಿಟಿಂಗ್ ರೂಲ್‌ನಲ್ಲಿ ರೆಗೆಕ್ಸ್ ಎಂಬ ಬಗೆಯಿದೆ. ಯಾವ ಚಿಹ್ನೆ ಬಂದಾಗ ಸಾಲು ಮುರಿಯಬೇಕೆಂದು ನಾವೇ ಬರೆಯಬಹುದು. ವರ್ಗಸಂಖ್ಯೆಗೂ ಪುಸ್ತಕಸಂಖ್ಯೆಗೂ ನಡುವಿನ ಖಾಲಿ ಜಾಗದಲ್ಲಿ ಒಂದು ಸಾಲು ಮುರಿಯಿತು. ಉದ್ದದ ಸಂಖ್ಯೆಗಳನ್ನು ವಿರಾಮ ಚಿಹ್ನೆಯ ಮುಂಚೆಯೇ ಮುರಿಯಬೇಕೆಂದು ನಾನು ಹಟ ಹಿಡಿದೆ. 234 ಒಂದು ಸಾಲು, ಅದರ ಕೆಳಗೆ :51. ಚಿಹ್ನೆ ಸಾಲಿನ ತುದಿಯಲ್ಲಿ ಉಳಿದರೆ ಅಂಟು ಎದ್ದು ಚೀಟಿಯ ಅಂಚು ಸವೆದಾಗ ಮೊದಲು ಮಾಯವಾಗುವುದು ಅದೇ.

ಕೊನೆಗೆ ಸ್ಟಾಕ್ ಪರಿಶೀಲನೆ. ಕೋಹಾದಲ್ಲಿ ಕಪಾಟಿನ ಸಾಲಿನಲ್ಲೇ ಬಾರ್‌ಕೋಡ್‌ಗಳನ್ನು ಓದಿಸಿ ಕೊಟ್ಟರೆ, ಕ್ರಮ ತಪ್ಪಿ ನಿಂತ ಪುಸ್ತಕಗಳನ್ನು ಅದು ಎತ್ತಿ ತೋರಿಸುತ್ತದೆ. ಮೇಲಿನ ಅಂತಸ್ತನ್ನು ಬಹುಕಾಲದಿಂದ ನೋಡಿಕೊಂಡು ಬಂದ ಅಟೆಂಡರ್ ಕಾಕಾ ಅವರೇ ಸ್ಕ್ಯಾನರ್ ಹಿಡಿದರು. ಈ ಕೆಲಸ ಆರಂಭವಾದಾಗ, "ಪುಸ್ತಕ ಎಲ್ಲಿ ಕೂಡತೈತಿ ಅಂತ ನನಗ ಗೊತ್ತೈತ್ರಿ ಅಕ್ಕಾರ, ಅದಕ್ಕ ಗೊತ್ತಿಲ್ಲಂದ್ರ ಅದಕ್ಕ ಕಲಸ್ರಿ" ಎಂದಿದ್ದವರು ಅವರು. ಸಾಹಿತ್ಯದ ಸಾಲಿನಲ್ಲಿ ಅವರ ಮಾತು ನಿಜವಾಯಿತು. ತೋರಿಸಿದ ಕೆಲವು ಪುಸ್ತಕಗಳೂ ವಿದ್ಯಾರ್ಥಿಗಳು ತೆಗೆದು ಬೇರೆಡೆ ಸಿಕ್ಕಿಸಿದವೇ ಆಗಿದ್ದವು. ಆದರೆ ಪ್ರತಿ ವಿಷಯದಲ್ಲೂ ವಿಶ್ವಕೋಶಗಳು ಕ್ರಮ ತಪ್ಪಿವೆ ಎಂದು ಪಟ್ಟಿ ಹೇಳಿತು. ಶೆಲ್ಫ್ ಲಿಸ್ಟ್ ಡ್ರಾಯರಿನಲ್ಲಿ ಅವು ವಿಷಯದ ಆರಂಭದಲ್ಲಿವೆ, ಕಪಾಟಿನಲ್ಲಿ ಕೊನೆಯಲ್ಲಿದ್ದವು. ಕಾರಣ ಕೇಳಿದಾಗ ಕಾಕಾ, "ದಪ್ಪನ ಪುಸ್ತಕ ಕಡೀಕ ಇಟ್ರ ಸಾಲು ವಾಲೂದಿಲ್ರಿ. ಮುಂದ ಇಟ್ರ ಹಿಂದಿನ ತೆಳ್ಳನ್ನವು ಎಲ್ಲಾ ಮಕ್ಕೊಂಡುಬಿಡ್ತಾವ" ಎಂದರು. ಹೋಗಿ ನೋಡಿದೆ, ಬುಕ್ ಎಂಡ್‌ಗಳು ಇಲ್ಲದ ಆ ಕಪಾಟುಗಳಲ್ಲಿ ವಿಶ್ವಕೋಶಗಳೇ ಆ ಕೆಲಸ ಮಾಡುತ್ತಿದ್ದವು. ಸಾಲಿಗಾಗಿ ನಿಯಮವನ್ನು ತಿರುಚುವುದಾಗಲಿ, ನಿಯಮಕ್ಕಾಗಿ ಸಾಲು ವಾಲಿಸುವುದಾಗಲಿ ಬೇಡವೆನಿಸಿ, ಸಣ್ಣಕ್ಷರದ ಪರಾಮರ್ಶನ ಗ್ರಂಥಗಳನ್ನೆಲ್ಲ ಒಂದು ಬೇರೆ ಕಪಾಟಿಗೆ ಒಯ್ದು, ಕೋಹಾದಲ್ಲಿ ಅವುಗಳ ಸ್ಥಳವನ್ನು ‘ಪರಾಮರ್ಶನ’ ಎಂದು ಗುರುತಿಸಿದೆವು. ಬುಕ್ ಎಂಡ್‌ಗಳಿಗೆ ಬೇಡಿಕೆ ಪತ್ರ ಹೋಗಿದೆ.

ಬಾಕಿ ಉಳಿದಿರುವುದು ನಿವೃತ್ತ ಪ್ರಾಧ್ಯಾಪಕರೊಬ್ಬರು ದಾನವಾಗಿ ಕೊಟ್ಟ ಗ್ರಂಥಾಲಯ ವಿಜ್ಞಾನದ ಪುಸ್ತಕಗಳು. ಅವುಗಳ ಮೇಲೆ ಕೋಲನ್‌ನ ಏಳನೆಯ ಆವೃತ್ತಿಯ ಸಂಖ್ಯೆಗಳಿವೆ. ರಂಗನಾಥನ್ 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1987ರಲ್ಲಿ, ಆ ಆವೃತ್ತಿ ಬಂತು. ಅದರಲ್ಲಿ ಸೂಚಕ ಚಿಹ್ನೆಗಳ ಬಳಗ ದೊಡ್ಡದು, ಅವುಗಳ ಸರದಿಯೂ ನಮ್ಮ ಕೋಷ್ಟಕದಲ್ಲಿಲ್ಲ. ಆರನೆಯದಕ್ಕೂ ಏಳನೆಯದಕ್ಕೂ ಒಂದೇ ಸಂಕೇತ ಕೊಟ್ಟು ಒಂದೇ ಸಾಲಿಗೆ ಸೇರಿಸಿದರೆ ಎರಡೂ ಕೆಡುತ್ತವೆ. ಆದ್ದರಿಂದ ನಮ್ಮ ಪದ್ಧತಿಯ ವಿವರಣೆಯಲ್ಲಿ ‘ಆರನೆಯ ಆವೃತ್ತಿ’ ಎಂದು ಸ್ಪಷ್ಟವಾಗಿ ಬರೆದಿದ್ದೇವೆ. ದಾನದ ಪುಸ್ತಕಗಳಿಗೆ ಡ್ಯೂಯಿ ಸಂಖ್ಯೆ ಕೊಟ್ಟಾಗಿದೆ; ಅವು ಕೆಳಗಿನ ಹಾಲ್‌ಗೆ ಹೋಗಲಿವೆ.